ಸೈರನ್ ಕೂಗಿದರೆ ಒಳಗೋ, ಹೊರಗೋ? ಕೈಗಾ ಸುತ್ತಲಿನ ಊರುಗಳಿಗೆ ಮೊದಲೇ ತಲುಪಬೇಕಾದ ಮಾತು

ಎಲ್ಲರಿಗೂ ನಮಸ್ಕಾರ. ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು, ಶಾಲೆಯ ಮೇಷ್ಟ್ರು, ಅಕ್ಕೋರು, ಹಾಲಿನ ಸೊಸೈಟಿಯವರು ಇಲ್ಲಿದ್ದೀರಿ. ಕೈಗಾ ಅಣು ಸ್ಥಾವರದಲ್ಲಿ ಏನೋ ಆಯಿತಂತೆ ಎಂಬ ಸುದ್ದಿ ಬಂದ ಹೊತ್ತಿಗೆ ಊರಿನವರು ಮೊದಲು ಓಡಿ ಬರುವುದು ಜಿಲ್ಲಾಧಿಕಾರಿ ಹತ್ತಿರ ಅಲ್ಲ, ನಿಮ್ಮ ಹತ್ತಿರ. ಅದಕ್ಕೇ ಈ ಮಾತು ನಿಮ್ಮಿಂದಲೇ ಶುರುವಾಗಬೇಕು.

ಕಾಳಿ ಕಣಿವೆಯವರಿಗೆ ಒಂದು ಅಪಾಯ ಚೆನ್ನಾಗಿ ಗೊತ್ತು. ಕದ್ರಾ ಅಣೆಕಟ್ಟಿನ ಗೇಟು ತೆಗೆಯುತ್ತಾರೆ ಅಂದರೆ ಏನು ಮಾಡಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕೆಳಗಿನ ಊರುಗಳಿಗೆ ನೀರು ನುಗ್ಗಿದ್ದನ್ನು ಕಂಡಿದ್ದೀರಿ. ಮನೆ ಬಿಡಬೇಕು, ದನದ ಹಗ್ಗ ಬಿಚ್ಚಬೇಕು, ಎತ್ತರಕ್ಕೆ ಹೋಗಬೇಕು. ಅಣು ಸ್ಥಾವರದ ತುರ್ತು ಬಂದರೆ ಮೊದಲ ಹೆಜ್ಜೆ ಇದಕ್ಕೆ ಸರಿಯಾಗಿ ಉಲ್ಟಾ. ಮನೆ ಒಳಗೆ ಹೋಗಬೇಕು, ಬಾಗಿಲು ಕಿಟಕಿ ಹಾಕಬೇಕು, ಮೇಯುವ ದನವನ್ನು ಕೊಟ್ಟಿಗೆಗೆ ತಂದು ಕಟ್ಟಬೇಕು, ಮುಂದಿನ ಮಾತು ಬರುವವರೆಗೆ ಅಲ್ಲೇ ಇರಬೇಕು. ಒಂದೇ ಕಣಿವೆ, ಎರಡು ಅಪಾಯ, ಎರಡಕ್ಕೂ ವಿರುದ್ಧ ದಿಕ್ಕಿನ ಓಟ. ಸೈರನ್ ಕೇಳಿ ಜನ ಯಾವ ದಿಕ್ಕಿಗೆ ಹೋಗುತ್ತಾರೆ ಎಂಬುದು ಆ ಹೊತ್ತಿನ ಧೈರ್ಯದ ಮೇಲೆ ನಿಂತಿಲ್ಲ, ಆರು ತಿಂಗಳ ಹಿಂದೆ ಅವರ ಮನೆಗೆ ಯಾವ ಮಾತು ತಲುಪಿತ್ತು ಎಂಬುದರ ಮೇಲೆ ನಿಂತಿದೆ. ಹಾಗಾಗಿ ಪಂಚಾಯಿತಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ಅಣೆಕಟ್ಟಿನ ಎಚ್ಚರಿಕೆಯ ಸದ್ದು ಯಾವುದು, ಸ್ಥಾವರದ್ದು ಯಾವುದು? ಎರಡನ್ನೂ ಶಾಲೆಯಲ್ಲಿ ಮಕ್ಕಳಿಗೆ ಕೇಳಿಸಿ. ಮಕ್ಕಳಿಗೆ ಗೊತ್ತಾದದ್ದು ಸಂಜೆಯೊಳಗೆ ಮನೆಗೆ ಮುಟ್ಟುತ್ತದೆ.

ಕೈಗಾದಲ್ಲಿ ಈಗ ನಡೆಯುತ್ತಿರುವುದು 220 ಮೆಗಾವಾಟ್‌ನ ನಾಲ್ಕು ಘಟಕಗಳು. ಮೊದಲ ಎರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿದವು. ಅದೇ ಜಾಗದಲ್ಲಿ ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳ ಯೋಜನೆ ಇದೆ. ಎಲ್ಲವೂ ಭಾರಜಲದ, ಅಂದರೆ ಭಾರವಾದ ಹೈಡ್ರೋಜನ್ ಇರುವ ನೀರು ಬಳಸುವ ರಿಯಾಕ್ಟರ್‌ಗಳು. ಈ ಒಂದು ಸಂಗತಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಸ್ಥಾವರದ ಸುತ್ತ 16 ಕಿಲೋಮೀಟರ್ ವೃತ್ತದೊಳಗಿನ ಊರುಗಳಿಗೆ ತುರ್ತು ಯೋಜನೆ ಮೊದಲೇ ಬರೆದಿಟ್ಟಿರಬೇಕು. ತುರ್ತಿನಲ್ಲಿ ಮೆಟ್ಟಿಲುಗಳಿವೆ: ಮೊದಲು ಎಚ್ಚರಿಕೆ, ಆಮೇಲೆ ಘಟಕದೊಳಗಿನ ತುರ್ತು, ಆಮೇಲೆ ಸ್ಥಾವರದ ಆವರಣದ ತುರ್ತು, ಕೊನೆಗೆ ಬೇಲಿ ದಾಟಿ ಹೊರಗೆ ಪರಿಣಾಮ ಆಗಬಹುದಾದ ತುರ್ತು. ಮೊದಲಿನವನ್ನು ಸ್ಥಾವರದವರೇ ನೋಡಿಕೊಳ್ಳುತ್ತಾರೆ. ಕೊನೆಯದರಲ್ಲಿ ಬೇಲಿಯ ಹೊರಗಿನ ಕೆಲಸವೆಲ್ಲ ಜಿಲ್ಲಾಧಿಕಾರಿಯ ಕೈಯಲ್ಲಿ. ಒಳಗೆ ಇರಿ ಎನ್ನುವುದು, ಮಾತ್ರೆ ನುಂಗಿ ಎನ್ನುವುದು, ಊರು ಬಿಡಿ ಎನ್ನುವುದು ಅಲ್ಲಿಂದಲೇ ಬರಬೇಕು. ಸ್ಥಾವರದಲ್ಲಿ ಕೆಲಸ ಮಾಡುವ ನಿಮ್ಮ ಭಾವನೋ ಅಳಿಯನೋ ಫೋನ್ ಮಾಡಿ ಹೇಳಿದ್ದು ನಿಜವೇ ಇರಬಹುದು. ಆದರೆ ಅವರಿಗೆ ಕಾಣುವುದು ಅವರ ಪಾಳಿ, ಅವರ ಕೋಣೆ ಮಾತ್ರ. ಗಾಳಿ ಎತ್ತ ಬೀಸುತ್ತಿದೆ, ಯಾವ ಊರಿಗೆ ಏನು ಹೇಳಬೇಕು ಎಂಬುದು ಒಂದೇ ಕಡೆ ಕೂಡಿಸಿ ನೋಡಿದಾಗ ಮಾತ್ರ ತಿಳಿಯುವ ವಿಷಯ.

ಮಾಹಿತಿ ಹೇಗೆ ಕೆಡುತ್ತದೆ ಎನ್ನಲು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರಕ್ಕಿಂತ ಒಳ್ಳೆಯ ಪಾಠ ಇಲ್ಲ. 1979ರ ಮಾರ್ಚ್ 28ರಂದು ಅಲ್ಲಿನ ಎರಡನೇ ಘಟಕದ ಇಂಧನದ ದೊಡ್ಡ ಭಾಗ ಕರಗಿತು. ಆದರೆ ಜನ ಗಾಬರಿಯಿಂದ ಊರು ಬಿಟ್ಟದ್ದು ಆ ದಿನ ಅಲ್ಲ, ಎರಡು ದಿನ ಕಳೆದ ಮೇಲೆ. 30ರ ಬೆಳಿಗ್ಗೆ ಒಂದು ಹೆಲಿಕಾಪ್ಟರ್ ಸ್ಥಾವರದ ಗಾಳಿ ಕೊಳವೆಯ ನೆತ್ತಿಯ ಮೇಲೆ ಹಾರಿ ಅಳತೆ ತೆಗೆಯಿತು. ಬಂದದ್ದು ಗಂಟೆಗೆ 1,200 ಮಿಲಿರೆಮ್ (ವಿಕಿರಣ ಅಳೆಯುವ ಹಳೆಯ ಮಾನ). ಅದೇ ಹೊತ್ತಿಗೆ ದೂರದ ಕಚೇರಿಯಲ್ಲಿ ಕೂತ ಅಧಿಕಾರಿಗಳು, ಜನ ಓಡಾಡುವ ನೆಲದ ಮೇಲೆ ಎಷ್ಟು ಬರಬಹುದು ಎಂದು ಲೆಕ್ಕ ಹಾಕುತ್ತಿದ್ದರು. ಅವರ ಲೆಕ್ಕಕ್ಕೂ 1,200 ಬಂದಿತ್ತು. ಸಂಖ್ಯೆ ತಾಳೆಯಾಯಿತು. ಒಂದು ಕೊಳವೆಯ ಬಾಯಿಯದ್ದು, ಇನ್ನೊಂದು ಮನೆ ಅಂಗಳದ್ದು ಎಂಬುದು ಫೋನ್ ಮಾತಿನ ನಡುವೆ ಜಾರಿಹೋಯಿತು. ಊರು ಖಾಲಿ ಮಾಡಿಸಬೇಕೆಂಬ ಸಲಹೆ ಹೊರಟಿತು. ಕೊನೆಗೆ ಗವರ್ನರ್ ಹೇಳಿದ್ದು ಐದು ಮೈಲಿಯೊಳಗಿನ ಗರ್ಭಿಣಿಯರು ಮತ್ತು ಶಾಲೆಗೆ ಹೋಗದ ಪುಟ್ಟ ಮಕ್ಕಳು ಹೊರಡಲಿ ಎಂದು, ಅಂದರೆ ಕೆಲವೇ ಸಾವಿರ ಜನ. ಹೊರಟವರು ಸುಮಾರು 1 ಲಕ್ಷ 40 ಸಾವಿರ. ಅಂದು ಮಧ್ಯಾಹ್ನ ಹೆರಾಲ್ಡ್ ಡೆಂಟನ್ ಎಂಬ ಒಬ್ಬ ಅಧಿಕಾರಿಯನ್ನು ಸ್ಥಳಕ್ಕೆ ಕಳಿಸಿ, ಇನ್ನು ಮೇಲೆ ಇವರೊಬ್ಬರೇ ಮಾತಾಡುತ್ತಾರೆ ಎಂದು ಮಾಡಿದ ಮೇಲೆ ಗಲಿಬಿಲಿ ಇಳಿಯತೊಡಗಿತು.

ಇದರಿಂದ ನಾವು ಎತ್ತಿಕೊಳ್ಳಬೇಕಾದದ್ದು ಸಣ್ಣ ಅಭ್ಯಾಸ, ಆದರೆ ಬಿಡಬಾರದ ಅಭ್ಯಾಸ. ಯಾರಾದರೂ ವಿಕಿರಣದ ಸಂಖ್ಯೆ ಹೇಳಿದರೆ ಕೂಡಲೇ ಕೇಳಿ: ಎಲ್ಲಿ ಅಳೆದದ್ದು, ಯಾವಾಗ, ಏನನ್ನು, ಯಾವ ಮಾನದಲ್ಲಿ? ಗಾಳಿಯದ್ದೋ, ನೀರಿನದ್ದೋ, ಹಾಲಿನದ್ದೋ? ಗಂಟೆಗೋ, ವರ್ಷಕ್ಕೋ? ಮೈಕ್ರೋ ಮತ್ತು ಮಿಲಿ ನಡುವೆ ಸಾವಿರ ಪಟ್ಟು ಅಂತರ ಇದೆ. ಮೊಬೈಲಿನಲ್ಲಿ ಮುಂದಕ್ಕೆ ತಳ್ಳುವ ಸಂದೇಶದಲ್ಲಿ ಮೊದಲು ಕಳೆದುಹೋಗುವುದು ಆ ಒಂದು ಅಕ್ಷರವೇ.

ಹೋಲಿಸಲು ನಿಮ್ಮ ಹತ್ತಿರ ನಾಲ್ಕು ಅಳತೆ ಇದ್ದರೆ ಸಾಕು. ನೆಲ, ಕಲ್ಲು, ಆಕಾಶ, ಉಸಿರಿನಲ್ಲಿ ಬರುವ ರೇಡಾನ್ ಎಂಬ ವಿಕಿರಣಶೀಲ ಅನಿಲ ಎಲ್ಲ ಸೇರಿ ಜಗತ್ತಿನ ಸರಾಸರಿ ಮನುಷ್ಯನಿಗೆ ಪ್ರಕೃತಿಯಿಂದಲೇ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ (ಮೈಗೆ ಸೇರಿದ ವಿಕಿರಣದ ಅಳತೆ) ಬರುತ್ತದೆ. ಅದರ ಮೇಲೆ ಸ್ಥಾವರದಿಂದ ಸಾರ್ವಜನಿಕರಿಗೆ ಸೇರಬಹುದಾದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಒಳಗೆ ಕೆಲಸ ಮಾಡುವವರಿಗೆ ಯಾವುದೇ ಒಂದು ವರ್ಷದಲ್ಲಿ 30, ಐದು ವರ್ಷ ಸೇರಿ 100 ದಾಟಬಾರದು. ಎದೆಯ ಒಂದು ಸಿ.ಟಿ. ಸ್ಕ್ಯಾನಿಗೆ ಸುಮಾರು 7. ಹೊರಗಿನ ಗಾಳಿಯಲ್ಲಿ ಮೀಟರ್ ಗಂಟೆಗೆ 0.1 ಮೈಕ್ರೋಸೀವರ್ಟ್ ತೋರಿಸಿದರೆ ವರ್ಷದ 8,760 ಗಂಟೆಗೆ ಅದು 0.88 ಮಿಲಿಸೀವರ್ಟ್ ಆಗುತ್ತದೆ; ಅದು ಮಾಮೂಲಿ ಹಿನ್ನೆಲೆ. ಪಂಚಾಯಿತಿ ಕಚೇರಿಯಲ್ಲಿ ಒಂದು ಅಳತೆ ಫಲಕ ಇಟ್ಟರೆ ಮಾಮೂಲಿ ದಿನದ ಸಂಖ್ಯೆ ಎಷ್ಟು ಎಂದು ಜನರ ಕಣ್ಣಿಗೆ ರೂಢಿಯಾಗಬೇಕು. ಮಳೆ ಜೋರಾದಾಗ ಗಾಳಿಯಲ್ಲಿ ರೇಡಾನ್‌ನಿಂದ ಹುಟ್ಟಿದ ವಿಕಿರಣಶೀಲ ಕಣಗಳು ನೆಲಕ್ಕಿಳಿದು ಆ ಸಂಖ್ಯೆ ಕೆಲವು ಗಂಟೆ ಏರಿ ಮತ್ತೆ ಇಳಿಯುತ್ತದೆ. ಮಳೆಗಾಲದ ಮೊದಲೇ ಇದನ್ನು ಹೇಳಿಟ್ಟಿರದಿದ್ದರೆ, ಜೂನ್ ತಿಂಗಳ ಮೊದಲ ದೊಡ್ಡ ಮಳೆಗೇ ಊರು ಗಾಬರಿಯಾಗುತ್ತದೆ.

ಭಾರಜಲದ ಮಾತಿಗೆ ಬರೋಣ. ಭಾರಜಲ ರಿಯಾಕ್ಟರಿನೊಳಗೆ ಇದ್ದಷ್ಟು ಕಾಲ ಅದರಲ್ಲಿ ಟ್ರಿಟಿಯಂ ಹುಟ್ಟುತ್ತಲೇ ಇರುತ್ತದೆ. ಅದು ನೀರಿನ ರೂಪದಲ್ಲೇ ಇರುವ ವಿಕಿರಣಶೀಲ ಹೈಡ್ರೋಜನ್. ಹಾಗಾಗಿ ಕೈಗಾದಂಥ ಕಡೆ ದಿನನಿತ್ಯ ಮಿತಿಯೊಳಗೆ ಹೊರಬಿಡುವುದರಲ್ಲಿ ಮುಖ್ಯವಾದದ್ದು ಅದೇ. ಅದರ ಕಿರಣ ಚರ್ಮವನ್ನೂ ದಾಟುವುದಿಲ್ಲ; ಕುಡಿದರೆ, ಉಸಿರಾಡಿದರೆ, ಇಲ್ಲವೇ ಆ ನೀರನ್ನೇ ಚರ್ಮ ಹೀರಿಕೊಂಡರೆ ಮಾತ್ರ ಒಳಗೆ ಕೆಲಸ ಮಾಡುತ್ತದೆ. ಒಳಗೆ ಹೋದದ್ದರಲ್ಲಿ ಅರ್ಧ ಸುಮಾರು ಹತ್ತು ದಿನಕ್ಕೆ ಮೂತ್ರ, ಬೆವರಿನಲ್ಲಿ ಹೋಗುತ್ತದೆ. ಚೆನ್ನಾಗಿ ನೀರು ಕುಡಿದರೆ ಇನ್ನೂ ಬೇಗ. ಇದರಲ್ಲಿ ಊರಿನವರು ತಿಳಿಯಬೇಕಾದ ಸೂಕ್ಷ್ಮ ಒಂದಿದೆ. ಯಾರೋ ಕೈಮೀಟರ್ ತಂದು ಹೊಳೆಯ ನೀರಿನ ಮೇಲೆ ಹಿಡಿದು ಏನೂ ಇಲ್ಲ ನೋಡಿ ಎಂದರೆ, ಟ್ರಿಟಿಯಂ ಮಟ್ಟಿಗೆ ಆ ಮಾತಿಗೆ ಬೆಲೆ ಇಲ್ಲ. ಆ ಮೀಟರಿಗೆ ಅದು ಕಾಣುವುದೇ ಇಲ್ಲ. ನೀರನ್ನು ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಒಯ್ದು, ವಿಕಿರಣ ತಾಗಿದರೆ ಮಿನುಗುವ ದ್ರಾವಣ ಬೆರೆಸಿ, ಆ ಮಿನುಗನ್ನು ಎಣಿಸಬೇಕು.

2009ರ ನವೆಂಬರ್‌ನಲ್ಲಿ ಕೈಗಾದಲ್ಲೇ ಆದದ್ದು ಇದಕ್ಕೆ ಸಾಕ್ಷಿ. ಕಾರ್ಮಿಕರ ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಹೆಚ್ಚು ಕಂಡಿತು. ಹುಡುಕಿದಾಗ ಸಿಕ್ಕಿದ್ದು ಕಟ್ಟಡದೊಳಗಿನ ಒಂದು ಕುಡಿಯುವ ನೀರಿನ ಕೂಲರ್. ಅದಕ್ಕೆ ಯಾರೋ ಬೇಕೆಂದೇ ಭಾರಜಲ ಬೆರೆಸಿದ್ದರು. ಐವತ್ತಕ್ಕೂ ಹೆಚ್ಚು ಜನರ ದೇಹಕ್ಕೆ ಅದು ಸೇರಿತ್ತು. ಪತ್ತೆ ಹಚ್ಚುವ ವ್ಯವಸ್ಥೆ ಕೆಲಸ ಮಾಡಿತು, ಅದನ್ನು ಒಪ್ಪಲೇಬೇಕು. ಹೊರಗಿನ ಊರಿಗೆ ಸುದ್ದಿ ತಲುಪಿದ್ದು ಕೆಲವು ದಿನ ಕಳೆದ ಮೇಲೆ, ಅದೂ ಟಿ.ವಿ.ಯಿಂದ. ಆಗ ಜನ ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ಬಾವಿಗೆ ಬಂತೇ? ಬಂದಿರಲಿಲ್ಲ, ಅದು ಕಟ್ಟಡದೊಳಗಿನ ಘಟನೆ. ಆದರೆ ಈ ಉತ್ತರ ಮೊದಲ ದಿನವೇ, ಪಂಚಾಯಿತಿಯ ಬಾಗಿಲಲ್ಲಿ, ಬಾವಿಯ ನೀರಿನ ಅಳತೆಯ ಸಮೇತ ಸಿಕ್ಕಿದ್ದರೆ ನಂಬಿಕೆ ಉಳಿಯುತ್ತಿತ್ತು. ಐದನೇ ದಿನ ಕೊಟ್ಟ ನಿಜವನ್ನು ಜನ ಸಮಜಾಯಿಷಿ ಎಂದೇ ಕೇಳುತ್ತಾರೆ. ಇದು ಎಲ್ಲ ದೇಶದಲ್ಲೂ ಹೀಗೇ.

ಮಾಮೂಲಿ ದಿನದ ಅಳತೆ ಆಗುತ್ತಲೇ ಇದೆ. ಸ್ಥಾವರ ಶುರುವಾಗುವ ಮೊದಲೇ ಅಲ್ಲಿ ಪರಿಸರ ಸಮೀಕ್ಷೆಯ ಪ್ರಯೋಗಾಲಯ ಇರುತ್ತದೆ. ಅದು ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಸೇರಿದ್ದು. ಸುತ್ತಲಿನ ಸುಮಾರು 30 ಕಿಲೋಮೀಟರ್ ದೂರದೊಳಗಿನ ಊರುಗಳಿಂದ ನೀರು, ಮಣ್ಣು, ಹಾಲು, ಅಕ್ಕಿ, ಸೊಪ್ಪು, ಮೀನು ತರುತ್ತಾರೆ. ಆಡಿನ ಥೈರಾಯ್ಡ್ ಗ್ರಂಥಿಯನ್ನೂ ಕೇಳಿ ಪಡೆಯುತ್ತಾರೆ. ಬೆರಳ ತುದಿಯಷ್ಟಿರುವ ಆ ಗ್ರಂಥಿ ಹುಲ್ಲಿನ ಮೇಲೆ ಬಿದ್ದ ವಿಕಿರಣಶೀಲ ಅಯೋಡಿನ್ನನ್ನೆಲ್ಲ ಹೀರಿ ಒಂದೆಡೆ ಕೂಡಿಡುತ್ತದೆ, ಹಾಗಾಗಿ ಬಯಲಿನಲ್ಲಿ ಕಾಣದಷ್ಟು ಕಡಿಮೆ ಇದ್ದರೂ ಅಲ್ಲಿ ಸಿಕ್ಕಿಬೀಳುತ್ತದೆ. ನಮ್ಮ ಆಗ್ರಹ ಇಷ್ಟೇ: ಯಾವ ಮನೆಯ ಹಾಲು ಒಯ್ದರೋ ಆ ಮನೆಗೆ ಫಲಿತಾಂಶದ ಚೀಟಿ ವಾಪಸ್ ಬರಲಿ. ಮುಂಬೈಯ ವಾರ್ಷಿಕ ವರದಿಯ ಪಟ್ಟಿಯಲ್ಲಿ ಒಂದು ಸಾಲಾಗುವುದಕ್ಕಿಂತ, ನಿಮ್ಮ ಹಸುವಿನ ಹಾಲಿನಲ್ಲಿ ಇಂಥ ತಾರೀಖಿಗೆ ಇಷ್ಟಿತ್ತು, ಮಿತಿ ಇಷ್ಟು ಎಂದು ಬರೆದ ಚೀಟಿ ಅಡುಗೆಮನೆಯ ಗೋಡೆಗೆ ಅಂಟಿದರೆ ಅದು ಹತ್ತು ಭಾಷಣದ ಕೆಲಸ ಮಾಡುತ್ತದೆ.

ಇನ್ನು ಮಾತ್ರೆ. ಇದರ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಅಯೋಡಿನ್ ಮಾತ್ರೆ ವಿಕಿರಣ ನಿವಾರಕ ಅಲ್ಲ. ರಿಯಾಕ್ಟರಿನಿಂದ ವಿಕಿರಣಶೀಲ ಅಯೋಡಿನ್ ಹೊರಬಿದ್ದಾಗ ಅದು ಗಂಟಲಿನ ಥೈರಾಯ್ಡ್‌ಗೆ ಸೇರದಂತೆ, ಆ ಜಾಗವನ್ನು ಒಳ್ಳೆಯ ಅಯೋಡಿನ್ನಿನಿಂದ ಮೊದಲೇ ತುಂಬಿಸುವುದು ಅಷ್ಟೇ ಅದರ ಕೆಲಸ. ಸೀಸಿಯಂ ಎಂಬ ಇನ್ನೊಂದು ವಿಕಿರಣಶೀಲ ವಸ್ತುವಿಗೂ ಟ್ರಿಟಿಯಂಗೂ ಹೊರಗಿನಿಂದ ಬೀಳುವ ಕಿರಣಕ್ಕೂ ಅದು ಏನೂ ಮಾಡದು. ಪೊಟ್ಯಾಸಿಯಂ ಅಯೊಡೈಡ್ ಆದರೆ 12 ವರ್ಷ ದಾಟಿದವರಿಗೆ 130 ಮಿಲಿಗ್ರಾಂ, 3ರಿಂದ 12 ವರ್ಷದವರಿಗೆ ಅದರ ಅರ್ಧ, ಒಂದು ತಿಂಗಳಿಂದ 3 ವರ್ಷದ ಕೂಸಿಗೆ ಕಾಲು, ಹುಟ್ಟಿ ತಿಂಗಳಾಗದ ಮಗುವಿಗೆ 16 ಮಿಲಿಗ್ರಾಂ. ಅಯೊಡೇಟ್ ಮಾತ್ರೆಯಾದರೆ ದೊಡ್ಡವರಿಗೆ 170. ಪೊಟ್ಟಣದ ಮೇಲೆ ಯಾವುದು, ಎಷ್ಟು ಎಂದು ಓದಿಯೇ ಕೊಡಬೇಕು. ಒಂದು ದಿನ ಮೊದಲಿನಿಂದ, ಮೋಡ, ಅಂದರೆ ಸ್ಥಾವರದಿಂದ ಹೊರಬಿದ್ದ ವಿಕಿರಣಶೀಲ ಗಾಳಿ, ತಲುಪಿ ಎರಡು ಗಂಟೆಯವರೆಗೆ ನುಂಗಿದರೆ ಪೂರ್ತಿ ಪ್ರಯೋಜನ. ಎಂಟು ಗಂಟೆಯವರೆಗೂ ಸ್ವಲ್ಪ ಇದೆ. ಒಂದು ದಿನ ಕಳೆದ ಮೇಲೆ ನುಂಗಿದರೆ ಒಳಿತಿಗಿಂತ ಕೆಡುಕೇ ಹೆಚ್ಚಾಗಬಹುದು. ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮೊದಲು. ನಲವತ್ತು ದಾಟಿದವರಿಗೆ ಪ್ರಯೋಜನ ಕಡಿಮೆ. ಆಶಾ ಅಕ್ಕಂದಿರೇ, ಗಂಟೆಯ ಲೆಕ್ಕ ಇಷ್ಟು ಬಿಗಿ ಇರುವಾಗ ಮಾತ್ರೆ ತಾಲ್ಲೂಕು ಕೇಂದ್ರದ ಬೀರುವಿನಲ್ಲಿದ್ದು ಬೀಗದ ಕೈ ರಜೆಯ ಮೇಲೆ ಹೋದವರ ಹತ್ತಿರ ಇದ್ದರೆ ಇದ್ದೂ ಇಲ್ಲದಂತೆ. ನಿಮ್ಮ ವ್ಯಾಪ್ತಿಯಲ್ಲಿ ಎಷ್ಟು ಮಾತ್ರೆ, ಎಲ್ಲಿ, ಯಾವ ತಾರೀಖಿಗೆ ಅವಧಿ ಮುಗಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ.

2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರದ ಅಪಘಾತ ಆದಾಗ ಚೀನಾದಲ್ಲಿ ಜನ ಅಯೋಡಿನ್ ಉಪ್ಪಿಗೆ ಮುಗಿಬಿದ್ದರು. ನಮ್ಮ ಅಂಗಡಿಯ ಉಪ್ಪಿನ ಲೆಕ್ಕ ಹಾಕಿ ನೋಡಿ: ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು. 130 ಮಿಲಿಗ್ರಾಂ ಮಾತ್ರೆಯೊಳಗಿನ 100 ಮಿಲಿಗ್ರಾಂ ಅಯೋಡಿನ್ ಬೇಕಾದರೆ ಆರೂವರೆ ಕಿಲೋಗೂ ಹೆಚ್ಚು ಉಪ್ಪು ತಿನ್ನಬೇಕು. ಗಾಯಕ್ಕೆ ಹಚ್ಚುವ ಟಿಂಚರ್ ಕುಡಿದರೆ ವಿಷ. ಈ ಎರಡು ಮಾತು ಊರಿನ ಕಿರಾಣಿ ಅಂಗಡಿಯವರಿಗೂ ಗೊತ್ತಿರಲಿ.

ಅದೇ ಫುಕುಶಿಮಾದಲ್ಲಿ ನಾಮಿಯೆ ಎಂಬ ಊರಿನ ಜನ ಸ್ಥಾವರದಿಂದ ದೂರ ಎಂದು ತ್ಸುಶಿಮಾ ಕಡೆಗೆ ಹೋದರು. ವಿಕಿರಣದ ಮೋಡವೂ ಅದೇ ದಿಕ್ಕಿಗೆ ಹೋಗಿತ್ತು. ಗಾಳಿ ಎತ್ತ ಒಯ್ಯುತ್ತದೆ ಎಂದು ತೋರಿಸುವ ಕಂಪ್ಯೂಟರ್ ಲೆಕ್ಕ ಸರ್ಕಾರದ ಬಳಿ ಇತ್ತು, ಊರಿಗೆ ತಲುಪಲಿಲ್ಲ. ಮಿಹಾರು ಎಂಬ ಇನ್ನೊಂದು ಪಟ್ಟಣ ಮೇಲಿನ ಆದೇಶಕ್ಕೆ ಕಾಯದೆ, ಗಾಳಿ ಮಳೆ ನೋಡಿಕೊಂಡು ಮಾರ್ಚ್ 15ರಂದು ತಾನೇ ಮಾತ್ರೆ ಹಂಚಿತು. ಆದೇಶ ಮೀರಿ ಎಂದು ನಿಮಗೆ ಹೇಳುತ್ತಿಲ್ಲ. ಕೆಳಗಿನ ಕಚೇರಿಗೆ ವಿಷಯ ಗೊತ್ತಿದ್ದರೆ ಮೇಲಿನ ಕಚೇರಿಯನ್ನು ಸರಿಯಾದ ಪ್ರಶ್ನೆ ಕೇಳಲು ಬಾಯಿ ಬರುತ್ತದೆ, ಅದನ್ನು ಹೇಳುತ್ತಿದ್ದೇವೆ.

ಒಳಗೆ ಇರಿ ಎಂದರೆ ಎಲ್ಲಿ ಇರಬೇಕು? ಸಣ್ಣ ಕಲ್ಲು-ಇಟ್ಟಿಗೆ ಗೋಡೆಯ ಮನೆಯೊಳಗೆ ಮೋಡದಿಂದ ಬರುವ ಕಿರಣ ಹೊರಗಿನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇರುತ್ತದೆ. ದೊಡ್ಡ ಕಾಂಕ್ರೀಟ್ ಕಟ್ಟಡದ ನಡುಕೋಣೆಯಲ್ಲಿ ಐದನೇ ಒಂದು ಪಾಲು ಅಥವಾ ಅದಕ್ಕೂ ಕಡಿಮೆ. ನಮ್ಮ ಕಡೆಯ ಹಂಚಿನ ಮನೆಗಳ ಕಷ್ಟ ಗಾಳಿಯದ್ದು: ಹಂಚಿನ ಸಂದಿಯಿಂದ ಹೊರಗಿನ ಗಾಳಿ ಒಳಗೆ ಬರುತ್ತಲೇ ಇರುತ್ತದೆ, ಕೆಲವು ಗಂಟೆಯಲ್ಲಿ ಒಳಗೂ ಹೊರಗೂ ಒಂದೇ ಆಗುತ್ತದೆ. ಅಟ್ಟವೋ ಮುಚ್ಚಿಗೆಯೋ ಇರುವ ಒಳಕೋಣೆ ವಾಸಿ. ಫ್ಯಾನ್ ಬೇಡ. ಒದ್ದೆ ಬಟ್ಟೆ ಮಡಚಿ ಮೂಗು ಬಾಯಿಗೆ ಹಿಡಿಯಿರಿ. ಹೊರಗಿನಿಂದ ಬಂದವರು ಜಗಲಿಯಲ್ಲೇ ಮೇಲಿನ ಬಟ್ಟೆ ಕಳಚಿ ಚೀಲಕ್ಕೆ ತುಂಬಿ, ಸೋಪು ಹಚ್ಚಿ ಮೈ ತೊಳೆದರೆ ಮೈಮೇಲಿನ ಧೂಳಿನ ಬಹುಪಾಲು ಹೋಗುತ್ತದೆ. ಬಾವಿ ಮುಚ್ಚಿ. ಒಂದು ಮಾತನ್ನು ಅಣಕು ಕಾರ್ಯಾಚರಣೆಗಳಲ್ಲೂ ಮರೆಯುತ್ತಾರೆ: ಮೋಡ ದಾಟಿತು ಎಂದು ಹೇಳಿದ ಕೂಡಲೇ ಬಾಗಿಲು ಕಿಟಕಿ ತೆರೆಯಬೇಕು. ಒಳಗೆ ಸೇರಿಕೊಂಡ ಗಾಳಿಯನ್ನು ಕೂಡಿಹಾಕಿಕೊಂಡು ಕೂತರೆ ಒಳಗಿದ್ದೂ ಪ್ರಯೋಜನವಿಲ್ಲ.

ಹಾಲಿನ ಸೊಸೈಟಿಯವರು ಇದನ್ನು ಗಮನವಿಟ್ಟು ಕೇಳಬೇಕು. 1986ರ ಚೆರ್ನೋಬಿಲ್ ಅಣು ಸ್ಥಾವರದ ಅಪಘಾತದ ಹೊತ್ತಿಗೆ ಆ ಸೀಮೆಯಲ್ಲಿ ಮಕ್ಕಳಾಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಕಂಡವು. ಅದರ ದೊಡ್ಡ ಪಾಲಿಗೆ ಕಾರಣ ಹಾಲು. ಹುಲ್ಲಿನ ಮೇಲೆ ಅಯೋಡಿನ್ ಬಿತ್ತು, ಹಸು ಮೇಯಿತು, ಒಂದೆರಡು ದಿನದಲ್ಲಿ ಹಾಲಿಗೆ ಬಂತು, ಬೇಡ ಎಂದು ಸಮಯಕ್ಕೆ ಯಾರೂ ಹೇಳಲಿಲ್ಲ. ಆ ಅಯೋಡಿನ್ ಎಂಟು ದಿನಕ್ಕೆ ಅರ್ಧವಾಗುತ್ತದೆ, ಎಂಬತ್ತು ದಿನಕ್ಕೆ ಸಾವಿರದ ಒಂದು ಪಾಲು. ಅಂದರೆ ಎರಡು-ಮೂರು ತಿಂಗಳು ತಡೆದರೆ ಗೆದ್ದಂತೆ. ದನವನ್ನು ಕೊಟ್ಟಿಗೆಯಲ್ಲೇ ಕಟ್ಟಿ, ತಾಡಪತ್ರಿ ಹೊದಿಸಿದ ಹಳೆಯ ಒಣಹುಲ್ಲನ್ನೇ ಹಾಕಿ. ಹಾಲು ಕರೆಯುವುದನ್ನು ನಿಲ್ಲಿಸಬೇಡಿ, ಕೆಚ್ಚಲು ಬಾತೀತು. ಕರೆದ ಹಾಲನ್ನು ಪರೀಕ್ಷೆಯ ಫಲ ಬರುವವರೆಗೆ ಡೇರಿಗೆ ಹಾಕಬೇಡಿ, ಮಕ್ಕಳಿಗೆ ಕೊಡಬೇಡಿ. ಆ ಹಾಲಿನ ದುಡ್ಡು ಯಾರು ಕೊಡುತ್ತಾರೆ ಎಂಬುದನ್ನು ಯೋಜನೆಯಲ್ಲಿ ಮೊದಲೇ ಬರೆಸಿ. ದುಡ್ಡಿನ ಮಾತು ಇಲ್ಲದಿದ್ದರೆ ಬಡವರ ಮನೆಯ ಹಾಲು ಡೇರಿಗೆ ಹೋಗಿಯೇ ಹೋಗುತ್ತದೆ, ಅದಕ್ಕೆ ಅವರನ್ನು ದೂರಲಾಗದು.

ಕ್ಯಾನ್ಸರ್ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ, ಬರಬೇಕು. ಭಾರತದಲ್ಲಿ ಲಕ್ಷ ಜನರಿಗೆ ವರ್ಷಕ್ಕೆ ಸುಮಾರು 100 ಹೊಸ ಕ್ಯಾನ್ಸರ್ ಪತ್ತೆಯಾಗುತ್ತವೆ. 2,000 ಜನರ ಊರಿಗೆ ಅದು ವರ್ಷಕ್ಕೆ ಎರಡು. ಒಂದು ವರ್ಷ ಒಂದೂ ಇಲ್ಲದೆ, ಮರುವರ್ಷ ನಾಲ್ಕಾಗುವುದು ಬರೀ ಲೆಕ್ಕದಲ್ಲೂ ಸಹಜ. ಆದರೆ ಮನೆಯಲ್ಲಿ ರೋಗಿ ಮಲಗಿರುವಾಗ ಸರಾಸರಿ ಹೇಳಿ ಬಾಯಿ ಮುಚ್ಚಿಸುವುದು ತಪ್ಪು. ಪ್ರತಿ ಪ್ರಕರಣವನ್ನೂ ವಯಸ್ಸು, ಯಾವ ಅಂಗ, ಎಷ್ಟು ವರ್ಷದಿಂದ ಇಲ್ಲಿ ವಾಸ, ಹೊಗೆಸೊಪ್ಪು ಇತ್ತೇ ಎಂಬ ವಿವರದೊಂದಿಗೆ ದಾಖಲಿಸಿ, ದೂರದ ತಾಲ್ಲೂಕಿನ ಲೆಕ್ಕದ ಜೊತೆ ಹೋಲಿಸಿ, ಫಲವನ್ನು ಕನ್ನಡದಲ್ಲಿ ಊರಿಗೇ ತಂದು ಓದಬೇಕು. ಹೊಸ ಘಟಕಗಳು ಶುರುವಾಗುವ ಮೊದಲೇ ಈ ದಾಖಲೆ ಆಗಬೇಕು; ಆಮೇಲೆ ಮಾಡಿದರೆ ಹೋಲಿಸಲು ಹಿಂದಿನದೇ ಇರುವುದಿಲ್ಲ.

ಬೇಲಿಯ ಹೊರಗಿನ ಅಣಕು ಕಾರ್ಯಾಚರಣೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಇಂಥ ಕಾರ್ಯಾಚರಣೆಗಳ ದೌರ್ಬಲ್ಯ ಎಲ್ಲ ಕಡೆ ಒಂದೇ: ಬಿಸಿಲಿರುವ ದಿನ, ಹಗಲು ಹನ್ನೊಂದು ಗಂಟೆ, ಕರೆಂಟು ಇದೆ, ಮೈಕಿನ ಗಾಡಿ ಡಾಂಬರು ರಸ್ತೆಯಲ್ಲೇ ಹೋಗಿ ಬರುತ್ತದೆ. ನಮ್ಮ ಮಜರೆಗಳು ಡಾಂಬರು ರಸ್ತೆಯಲ್ಲಿಲ್ಲ. ಜುಲೈ ತಿಂಗಳ ರಾತ್ರಿ, ಕರೆಂಟು ಹೋಗಿ, ಮೊಬೈಲ್ ಟವರಿನ ಬ್ಯಾಟರಿ ಮುಗಿದು, ಯಲ್ಲಾಪುರದ ಕಡೆಯ ಘಟ್ಟದ ರಸ್ತೆಗೆ ಗುಡ್ಡ ಕುಸಿದಿರುವಾಗ ಏನು ಎಂಬುದೇ ನಿಜವಾದ ಪರೀಕ್ಷೆ. ಇದಕ್ಕೆ ಯಾರ ಅಪ್ಪಣೆಯೂ ಬೇಡ, ಪಂಚಾಯಿತಿಯೇ ಒಂದು ಸಣ್ಣ ಅಳತೆ ಮಾಡಬಹುದು. ಅತಿ ದೂರದ ಮೂರು ಮಜರೆ ಆರಿಸಿ. ರಾತ್ರಿ ಎಂಟಕ್ಕೆ ಕಚೇರಿಯಿಂದ ಒಂದು ನಿರಪಾಯದ ಸಂದೇಶ ಹೊರಡಿಸಿ, ನಾಳೆ ಲಸಿಕೆ ಎಂದೋ ಏನೋ. ಕೊನೆಯ ಮನೆಯವರಿಗೆ ಅದು ತಲುಪಿದ ಗಂಟೆ ನಿಮಿಷ ಬರೆದುಕೊಳ್ಳಿ, ಯಾವ ಮಾತು ತಲುಪಿತು ಎಂಬುದನ್ನೂ. ಎರಡು ಗಂಟೆ ಹಿಡಿದರೆ, ಮಾತ್ರೆಯ ಸಮಯವೆಲ್ಲ ಅದರಲ್ಲೇ ಕಳೆಯಿತು. ಸಂದೇಶ ಕನ್ನಡದಲ್ಲೂ ಕೊಂಕಣಿಯಲ್ಲೂ ಇರಲಿ. ಮನೆಯೊಳಗೆ ಕೊಂಕಣಿಯನ್ನೇ ಆಡುವ ಅಜ್ಜಿಯಂದಿರು ಪ್ರತಿ ಕೇರಿಯಲ್ಲೂ ಇದ್ದಾರೆ.

ಫ್ರಾನ್ಸಿನಲ್ಲಿ ಪ್ರತಿ ಅಣು ಸ್ಥಾವರಕ್ಕೂ ಒಂದು ಸ್ಥಳೀಯ ಮಾಹಿತಿ ಸಮಿತಿ ಇದೆ. 1981ರಲ್ಲಿ ಸುತ್ತೋಲೆಯಿಂದ ಬಂದದ್ದು 2006ರಲ್ಲಿ ಕಾನೂನಾಯಿತು. ಸದಸ್ಯರಲ್ಲಿ ಕನಿಷ್ಠ ಅರ್ಧ ಜನ ಸ್ಥಳೀಯ ಚುನಾಯಿತರು. ಉಳಿದವರಲ್ಲಿ ಪರಿಸರ ಸಂಘಟನೆ, ಕಾರ್ಮಿಕ ಸಂಘ, ವೈದ್ಯರು, ತಜ್ಞರು. ಸಮಿತಿ ತನ್ನದೇ ಖರ್ಚಿನಲ್ಲಿ ಬೇರೆ ಪ್ರಯೋಗಾಲಯದಿಂದ ಅಳತೆ ಮಾಡಿಸಬಹುದು, ವರ್ಷಕ್ಕೊಮ್ಮೆಯಾದರೂ ಎಲ್ಲರಿಗೂ ತೆರೆದ ಸಭೆ ಕರೆಯಬೇಕು. ಕೈಗಾ ಸುತ್ತಲೂ ಇಂಥದ್ದು ಬೇಕು ಎಂದು ನಾವು ಬಲವಾಗಿ ನಂಬುತ್ತೇವೆ. ಸ್ಥಾವರದವರು ಪ್ರವಾಸ ಕರೆದೊಯ್ದು ಮಾದರಿ ತೋರಿಸುವುದು ಒಳ್ಳೆಯದೇ, ಆದರೆ ಅಲ್ಲಿ ಪ್ರಶ್ನೆ ಕೇಳುವವರು ಅತಿಥಿಗಳು. ಅತಿಥಿ ಊಟ ಮಾಡಿ ಬರುತ್ತಾನೆ, ಲೆಕ್ಕ ಕೇಳುವುದಿಲ್ಲ.

ಸಮಿತಿ ಬರುವವರೆಗೆ ಒಂದು ಫಲಕದಿಂದ ಶುರು ಮಾಡಿ. ಪಂಚಾಯಿತಿ ಹೊರಗೋಡೆಗೆ, ಬಸ್ಸಿಗೆ ಕಾಯುವವರ ಕಣ್ಣಿಗೆ ಬೀಳುವ ಕಡೆ. ಈ ವಾರದ ಗಾಳಿಯ ಅಳತೆ, ಪಕ್ಕದಲ್ಲಿ ಮಾಮೂಲಿ ಎಷ್ಟು ಎಂದು. ಕಳೆದ ತಿಂಗಳ ಹೊಳೆ ನೀರಿನ ಟ್ರಿಟಿಯಂ. ಮಾತ್ರೆ ಎಲ್ಲಿದೆ, ಬೀಗದ ಕೈ ಯಾರ ಬಳಿ. ಕೂಡುವ ಜಾಗ ಯಾವ ಶಾಲೆ. ಮೇಲ್ಗಡೆ ದೊಡ್ಡಕ್ಷರದಲ್ಲಿ ಎರಡು ಸಾಲು: ಅಣೆಕಟ್ಟಿನ ಸೈರನ್ ಆದರೆ ಹೊರಗೆ, ಎತ್ತರಕ್ಕೆ. ಸ್ಥಾವರದ ಸೈರನ್ ಆದರೆ ಒಳಗೆ, ಬಾಗಿಲು ಹಾಕಿ. ಆ ಫಲಕಕ್ಕೆ ಬೇಕಾದ ಸಂಖ್ಯೆಗಳನ್ನು ಕೊಡಿ ಎಂದು ಸ್ಥಾವರಕ್ಕೂ ಜಿಲ್ಲಾಧಿಕಾರಿ ಕಚೇರಿಗೂ ಬರೆಯುವ ಪತ್ರಕ್ಕೆ ಮುಂದಿನ ಗ್ರಾಮಸಭೆಯಲ್ಲೇ ಠರಾವು ಮಾಡಿ. ಈಗ ನಿಮ್ಮ ಪ್ರಶ್ನೆಗಳು.